ಮರದ ನಾಡಿ

ಶಿರಸಿ ಕಡೆ ನಮ್ಮ ಸೊಪ್ಪಿನ ಬೆಟ್ಟದ ಅಂಚಿಗೆ, ಕೊಟ್ಟಿಗೆಯ ಹಿಂದೆ ಒಂದು ಮತ್ತಿ ಮರ ಇದೆ. ಅದರ ಆಚೀಚೆ ಇದ್ದ ಎರಡು ಮರ 2019ರ ಆಗಸ್ಟ್ ಮಳೆಯಲ್ಲಿ ಬಿದ್ದುಹೋದವು. ಅವತ್ತಿಂದ ಅಪ್ಪಯ್ಯಂದು ಒಂದೇ ರಾಗ, "ಇದನ್ನೂ ಕಡಸವು."

ನಂಗೆ ಮನಸ್ಸಿಲ್ಲ. ಆದ್ರೆ ಬರೀ ಬೇಡ ಅಂದ್ರೆ ಕೇಳ್ತಾನಾ? ಲೆಕ್ಕ ತೋರಿಸ್ಬೇಕು. ಸರಿ, ಮರ ತೂಗೋದನ್ನ ಅಳೆಯೋಕೆ ಕೂತೆ..

ವಿಜ್ಞಾನಿಗಳು ಇದಕ್ಕೆ ಕಾಂಡದ ಮೇಲೆ ಸ್ಟ್ರೇನ್ ಗೇಜ್ ಕೂರಿಸ್ತಾರೆ. ನನ್ನ ಹತ್ರ ಇದ್ದಿದ್ದು ಅಟ್ಟದ ಕಿಟಕಿಯ ಸರಳು, ಮೊಬೈಲಿನ ಸ್ಟಾಪ್‌ವಾಚ್. ತಲೆ ಅಲುಗಿಸದೆ ಕೂತು, ಮರದ ತುದಿ ಸರಳಿನಿಂದ ಆಚೆ ಹೋಗಿ, ಈಚೆ ಬಂದು ಮತ್ತೆ ಅಲ್ಲಿಗೇ ಬಂದ್ರೆ ಒಂದು ತೂಗು. ಹೀಗೆ ಹತ್ತು. "ಮರದ ನಾಡಿ ನೋಡ್ತಾ ಇದ್ಯನೋ ತಮಾ?" ಅಂತ ಆಯಿ ನಕ್ಕಳು.

ಗಾಳಿ ಜೋರಾದ್ರೆ ಮರ ಹೆಚ್ಚು ದೂರ ತೂಗುತ್ತೆ, ಆದ್ರೆ ಹೆಚ್ಚು ಬೇಗ ಅಲ್ಲ. ಜೋಕಾಲಿ ಥರ. ಎಲೆ ಉದುರಿದ ಮಾರ್ಚಲ್ಲಿ ಹತ್ತು ತೂಗಿಗೆ 23 ಸೆಕೆಂಡು, ನೆನೆದ ಎಲೆ ಹೊತ್ತ ಆಷಾಢದಲ್ಲಿ 29. ತಲೆ ಭಾರವಾದ್ರೆ ನಿಧಾನ.

2004ರಲ್ಲಿ ಮೂರ್ ಮತ್ತು ಮೆಗ್ವಾಯರ್ ಅನ್ನೋರು ಎಂಟು ಜಾತಿಯ 602 ಕೋನಿಫರ್ ಮರಗಳ ಲೆಕ್ಕ ಒಟ್ಟುಮಾಡಿ ನೋಡಿದ್ರು. ದಪ್ಪ ಮರ ಬೇಗ ತೂಗುತ್ತೆ, ಎತ್ತರದ್ದು ನಿಧಾನ. ಇನ್ನು ದಟ್ಟ ಕಾಡಲ್ಲಾದ್ರೆ ಕೊಂಬೆಗೆ ಕೊಂಬೆ ಬಡಿದು ತೂಗಾಟದ ಜೋರು ಸ್ವಲ್ಪ ಅಲ್ಲೇ ಕರಗುತ್ತೆ. ನಮ್ಮ ಮತ್ತಿಗೆ ಆ ಆಸರೆ ಹೋಗಿತ್ತು.

ಆದ್ರೂ ನಾಲ್ಕು ಆಷಾಢ 29ರ ಆಸುಪಾಸಲ್ಲೇ ನಿಂತಿತು. ಅಪ್ಪಯ್ಯನ ಮುಂದೆ ಎದೆಯುಬ್ಬಿಸಿ ಹೇಳಿದ್ದೇ ಹೇಳಿದ್ದು.

ಈ ಸಲ 33.

ಮತ್ತೆ ಎಣಿಸಿದೆ. ಮತ್ತೆ 33. ಬೇರಿನ ಹಿಡಿತ ಸಡಿಲಾದ್ರೂ ತೂಗು ನಿಧಾನ ಆಗುತ್ತೆ ಅಂತ ಓದಿದ್ದು ನೆನಪಾಯ್ತು. ಗಾಳಿ ನಿಂತ ಮೇಲೆ ಬುಡಕ್ಕೆ ಹೋಗಿ ನೋಡಿದ್ರೆ, ಗಾಳಿ ಬರೋ ಕಡೆ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು.

ಮರ ಉಳಿಸೋಕೆ ಶುರುಮಾಡಿದ ಲೆಕ್ಕ ಅಪ್ಪಯ್ಯನ ಪರ ಸಾಕ್ಷಿ ಹೇಳ್ತು. "ಕಡಸನ" ಅಂತ ನಾನೇ ಅಂದೆ. ಅವನು ಮಾತಾಡಲಿಲ್ಲ. ಸಂಜೆ ನೋಡಿದ್ರೆ ದನಗಳನ್ನೆಲ್ಲ ಮನೆಯ ಈಚೆ ಕಡೆ ತಂದು ಕಟ್ಟಿದ್ದ. "ಈ ಮಳೆಗಾಲ ಒಂದು ನೋಡನ. ನೀ ಎಣಿಸ್ತಾ ಇರು" ಅಂದ.

ಎಣಿಸ್ತಾ ಇದ್ದೀನಿ. ನಿಮ್ಮನೆ ಹತ್ರಾನೂ ಒಂಟಿ ಮರ ಇದ್ರೆ ಎಣಿಸಿ ಇಟ್ಕೊಳ್ಳಿ.. ಒಂದು ಸಲದ ಲೆಕ್ಕ ಏನೂ ಹೇಳಲ್ಲ. ವರ್ಷ ವರ್ಷ ಎಣಿಸಿದ್ರೆ ಮಾತ್ರ ಮರ ಬಾಯಿಬಿಡುತ್ತೆ.