ಘಟ್ಟದ ಕೆಳಗಿನ ತಂಡ

ಬೆಳಗ್ಗೆ ಕೇಶ್ವಾಪುರದ ನಮ್ಮ ಮನೆ ಮುಂದೆ ಆಟೋ ಹತ್ತಿದಾಗ ಡ್ರೈವರ್ ಕೇಳಿದ, "ಎಲ್ಲಿಗ್ರೀ ಸರ?"

ಸ್ಟೇಷನ್ ಅಂದೆ.

"ಮುಂದ ಯಾವ ಊರಿಗ್ರಿ?"

ಗೋವಾ ಅಂದೆ. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ. ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ತಲೆ ಅರ್ಧಕ್ಕರ್ಧ ಬೆಳ್ಳಗೆ. "ಒಬ್ರ ಹೊಂಟೀರಿ?"

"ಹೂಂ. ಫುಟ್‌ಬಾಲ್ ಮ್ಯಾಚ್ ಐತಿ, ನೋಡಾಕ."

ಆತ ನಕ್ಕುಬಿಟ್ಟ. "ಮನ್ಯಾಗ ಹಂಗ ಹೇಳೀರಿ, ಆತು. ನನಗರ ಖರೆ ಹೇಳ್ರಿ."

ಖರೆ ಅದೇ ಆಗಿತ್ತು. 2018ರ ಮಳೆಗಾಲದ ಕೊನೆ. ದುರ್ಗದಬೈಲಿನ ಹತ್ತಿರದ ನಮ್ಮ ನೋಟ್‌ಬುಕ್ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು, ವಾಸ್ಕೋ ಸ್ಪೋರ್ಟ್ಸ್ ಕ್ಲಬ್ಬಿನ ಆಟ ನೋಡಲು ಹೊರಟಿದ್ದೆ. ಈ ಕ್ಲಬ್ಬಿನ ಹೆಸರು ಹುಬ್ಬಳ್ಳಿಯಲ್ಲಿ ಹತ್ತು ಮಂದಿಗೆ ಗೊತ್ತಿದ್ದರೆ ಹೆಚ್ಚು. ಅವರಲ್ಲಿ ಇಬ್ಬರು ನಮ್ಮ ಮನೆಯವರೇ.

ಈ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಮೀಟರ್ ಗೇಜ್ ಕಾಲದ ಗಾರ್ಡ್. ಗೂಡ್ಸ್ ಗಾಡಿ ಹಿಡಿದು ಘಟ್ಟ ಇಳಿದು ವಾಸ್ಕೋಕ್ಕೆ ಹೋದರೆ ಅಲ್ಲಿನ ರನ್ನಿಂಗ್ ರೂಮಿನಲ್ಲಿ ಉಳಿಯಬೇಕು, ಮರಳಿ ಗಾಡಿ ಸಿಗುವ ತನಕ. ಉಳಿದವರು ಇಸ್ಪೀಟು ಹಾಕುತ್ತಿದ್ದರು, ಅಪ್ಪ ಮೈದಾನಕ್ಕೆ ಹೋಗುತ್ತಿದ್ದ. ಮನೆಗೆ ಬಂದಾಗ ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ ಕೆಂಪು ಹಸಿರು ಬಾವುಟ, ಕಂದೀಲು, ಪಟಾಕಿ ಡಬ್ಬಿ, ಗೋವಾದ ಪಾವು. ಪಾವು ತಿನ್ನುತ್ತ ಆಟದ ಕತೆ ಕೇಳುವುದು. ಯಾರು ಗೋಲು ಹೊಡೆದ, ಯಾರಿಗೆ ಕಾಲು ಉಳುಕಿತು, ರೆಫರಿ ಹೇಗೆ ಕಣ್ಣು ಮುಚ್ಚಿ ನಿಂತಿದ್ದ. ನಾನು ವಾಸ್ಕೋ ಊರು ನೋಡುವ ಹತ್ತು ವರ್ಷ ಮೊದಲೇ ಆ ತಂಡದವನಾಗಿದ್ದೆ.

ಬೆಂಗಳೂರಿನ ತಂಡ ಯಾಕೆ ಹಿಡಿಯಲಿಲ್ಲ ಎಂದು ಕೇಳುವವರಿದ್ದಾರೆ. ಕರ್ನಾಟಕದ ದೊಡ್ಡ ಲೀಗು ಅಂದರೆ ಬೆಂಗಳೂರು ಅಶೋಕನಗರದ ಸ್ಟೇಡಿಯಂ. ಅದು ನಮಗೆ ನಾನೂರು ಕಿಲೋಮೀಟರ್ ದೂರ. ವಾಸ್ಕೋ ಅದರ ಅರ್ಧ. ಅಲ್ಲದೆ ಅಲ್ಲಿನ ದೊಡ್ಡ ತಂಡಗಳು ಕಾರ್ಖಾನೆಯವು, ಪಲ್ಟನ್ನಿನವು: ಎಚ್‌ಎಎಲ್, ಐಟಿಐ, ಎಂಇಜಿ. ಆಟಗಾರನಿಗೆ ನೌಕರಿ ಸಿಗುತ್ತಿತ್ತು, ಅದು ದೊಡ್ಡ ಮಾತು, ನಾನು ತೆಗೆದುಹಾಕುವುದಿಲ್ಲ. ಆದರೆ ಸಾಹೇಬರಿಗೆ ಸಾಕೆನಿಸಿದ ದಿನ ತಂಡವೂ ಸಾಕಾಗುತ್ತದೆ. ಎಚ್‌ಎಎಲ್ 2012ರಲ್ಲಿ, ಆಗ ದೇಶದ ಮೇಲ್ದರ್ಜೆಯ ಲೀಗಾಗಿದ್ದ ಐ-ಲೀಗಿನಿಂದ ಕೆಳಗಿಳಿದದ್ದು ಮತ್ತೆ ಮೇಲೆ ಬರಲಿಲ್ಲ. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು, ಪಂಜಾಬಿನ ಜೆಸಿಟಿ 2011ರಲ್ಲಿ. ಎರಡೂ ಒಂದು ಕಾಲಕ್ಕೆ ದೇಶದ ಚಾಂಪಿಯನ್ ತಂಡಗಳು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಆಗಿನ್ನೂ ಆ 1,507 ಮೀಟರಿನ ಪ್ಲಾಟ್‌ಫಾರ್ಮ್ ಆಗಿರಲಿಲ್ಲ. ಅದು ಉದ್ಘಾಟನೆಯಾದದ್ದು 2023ರಲ್ಲಿ. ಲೆಕ್ಕ ಹಾಕಿ ನೋಡಿದ್ದೇನೆ, ಅದರ ಉದ್ದಕ್ಕೆ ಹದಿನಾಲ್ಕು ಫುಟ್‌ಬಾಲ್ ಮೈದಾನ ಹಾಸಬಹುದು. ಊರಿನಲ್ಲಿ ಹುಡುಗರು ಆಡುವುದಕ್ಕೆ ಒಂದು ಹಸಿರು ಮೈದಾನ ಹುಡುಕುವುದೇ ಕಷ್ಟ, ಅದು ಬೇರೆ ಮಾತು.

ಆಗ ಹೌರಾದಿಂದ ಬರುತ್ತಿದ್ದ ಅಮರಾವತಿ ಎಕ್ಸ್‌ಪ್ರೆಸ್ ಎರಡು ರಾತ್ರಿ ಕಳೆದು ನಮ್ಮೂರು ಮುಟ್ಟುತ್ತಿತ್ತು. ಡಬ್ಬಿಯೊಳಗೆ ಕಾಲಿಟ್ಟರೆ ಎರಡು ರಾತ್ರಿಯ ವಾಸನೆ. ಗೋವಾದ ಹೋಟೆಲ್ ಅಡುಗೆಮನೆಗಳಿಗೆ ಹೋಗುವ ಬಂಗಾಳಿ ಹುಡುಗರೇ ಅರ್ಧ ಡಬ್ಬಿ. ಒಬ್ಬ ಕಿಟಕಿ ಬಿಟ್ಟುಕೊಟ್ಟ. ಅವನ ಚೀಲದ ಜಿಪ್ಪಿಗೆ ಹಸಿರು ಮೆರೂನ್ ಬಣ್ಣದ ಕೀಚೈನು ನೇತಾಡುತ್ತಿತ್ತು. ಮೋಹನ್ ಬಗಾನ್ ಎಂದು ಗುರುತು ಹಿಡಿದೆ. ಅವನ ಮುಖ ಅರಳಿತು. ಧಾರವಾಡ ದಾಟಿ ಅಳ್ನಾವರ ಬರುವ ಹೊತ್ತಿಗೆ 1911ರಲ್ಲಿ ಬರಿಗಾಲಿನಲ್ಲಿ ಆಡಿ ಬಿಳಿಯರನ್ನು ಸೋಲಿಸಿದ ಐಎಫ್‌ಎ ಶೀಲ್ಡಿನ ಕತೆಯನ್ನು, ಮೊನ್ನೆ ತಾನೇ ಕಣ್ಣಾರೆ ಕಂಡು ಬಂದವನಂತೆ ಹೇಳಿ ಮುಗಿಸಿದ್ದ. ನಾನು ನಮ್ಮವಳು ಕಟ್ಟಿದ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆ. ಚಟ್ನಿ ಅವನಿಗೆ ಖಾರವಾಯಿತು. ಆದರೂ ಬಿಡಲಿಲ್ಲ.

"ಆಪ್ಕಾ ಟೀಮ್?" ಎಂದು ಕೇಳಿದ.

"ವಾಸ್ಕೋ."

ತುತ್ತು ಕೈಯಲ್ಲೇ ನಿಂತಿತು. "ವಾಸ್ಕೋ? ಅಭೀ ಭೀ ಹೈ?"

ಇನ್ನೂ ಇದೆಯಾ! ಅವನು ಚೇಷ್ಟೆಗೆ ಕೇಳಿದ್ದಲ್ಲ. 1951ರಲ್ಲಿ, ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ ಹುಟ್ಟಿದ ಕ್ಲಬ್ ಅದು. ರಾಷ್ಟ್ರೀಯ ಲೀಗಿನಲ್ಲಿ ಮೋಹನ್ ಬಗಾನ್ ಜೊತೆಗೂ ಆಡಿದ್ದು. 2009ರಲ್ಲಿ ಐ-ಲೀಗಿನಿಂದ ಕೆಳಗೆ ಬಿತ್ತು. ಬರಬರುತ್ತ ಗೋವಾದೊಳಗಿನ ಲೀಗೇ ಅದರ ಜಗತ್ತಾಯಿತು. ಇಂಗ್ಲೆಂಡಿನಲ್ಲಿ ಬಿದ್ದ ತಂಡ ಗೆದ್ದರೆ ಮತ್ತೆ ಹತ್ತುತ್ತದೆಯಂತೆ. ನಮ್ಮಲ್ಲಿ 2014ರಲ್ಲಿ ಐಎಸ್‌ಎಲ್ ಎಂಬ ಹೊಸ ಲೀಗು ಬಂತು, ದುಡ್ಡು ಕಟ್ಟಿದವರು ಮೇಲೆ ಕೂತರು. ಆಗ ಅಲ್ಲಿಂದ ಬೀಳುವುದೂ ಇರಲಿಲ್ಲ; ಆಟ ಗೆದ್ದು ಅಲ್ಲಿಗೆ ಹತ್ತಿದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ನಾನು ಈ ಗಾಡಿಯಲ್ಲಿ ಕೂತಿದ್ದ ಹೊತ್ತಿಗೆ ಅದು ಏಣಿ ಇಲ್ಲದ ಅಟ್ಟ. ಕೆಳಗಿದ್ದವರು ಕತ್ತು ಎತ್ತಿ ನೋಡಬೇಕು ಅಷ್ಟೆ.

ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತಿತು. 1961ರ ತನಕ ಇದು ಗಡಿ. ಇಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಿಯೇ ಗೋವಾಕ್ಕೆ ಇಳಿಯಬೇಕಿತ್ತು. ಈಗ ನಿಲ್ಲುವುದು ಘಟ್ಟಕ್ಕೆ ನೆರವಾಗುವ ಬ್ಯಾಂಕರ್ ಎಂಜಿನ್ ಜೋಡಿಸಿ ಬ್ರೇಕು ಪರೀಕ್ಷಿಸಲು. ಇಲ್ಲಿಂದ ಕುಳೆ ತನಕ 26 ಕಿಲೋಮೀಟರ್, 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ರೈಲಿನ ಮಟ್ಟಿಗೆ ಇದು ಇಳಿಜಾರಲ್ಲ, ಜಾರುಬಂಡಿ. ಈ ದಾರಿ ಸಮುದ್ರದಿಂದ ಇಲ್ಲಿಯ ತನಕ ಏರಿದ್ದು 1888ರಲ್ಲಿ. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. ಇದನ್ನು ಆ ಹುಡುಗನಿಗೆ ಹೇಳಿದೆ. ನನ್ನ ಕಡೆ ಹಿರಿದಾದದ್ದು ಒಂದಾದರೂ ಇರಲಿ!

ದೂಧಸಾಗರ ಬಂದಾಗ ಇಡೀ ಡಬ್ಬಿ ಬಾಗಿಲಿಗೆ ನುಗ್ಗಿತು. ಮಳೆಯ ಕೊನೆಯ ನೀರು, ತುಂಬಿ ಸುರಿಯುತ್ತಿತ್ತು. ನಾನು ಕೂತಲ್ಲೇ ಕೂತೆ. ನಲವತ್ತು ಸಲ ನೋಡಿದವನಿಗೂ ಅದು ಚೆಂದವೇ, ಆದರೆ ನನಗೆ ಈ ಘಟ್ಟದಲ್ಲಿ ನೋಡಬೇಕೆನಿಸುವುದು ಎದುರಿಗೆ ಏರಿ ಬರುವ ಗೂಡ್ಸ್ ಗಾಡಿ. ಅವತ್ತೂ ಒಂದು ಸಿಕ್ಕಿತು. ಮುಂದೆ ಎಂಜಿನ್ನು, ಹಿಂದೆ ತಳ್ಳುವ ಎಂಜಿನ್ನುಗಳು, ನಡುವೆ ಮುರಗಾಂವ್ ಬಂದರಿನ ಕಲ್ಲಿದ್ದಲು. ಕೊನೆಯ ಡಬ್ಬಿಯಲ್ಲಿ ಗಾರ್ಡ್ ಹಸಿರು ಬಾವುಟ ಹಿಡಿದು ನಿಂತಿದ್ದ. ಕೈ ಎತ್ತಿದೆ. ಅವನೂ ಎತ್ತಿದ.

ಈ ಕಲ್ಲಿದ್ದಲು ಹುಬ್ಬಳ್ಳಿ ಮೇಲಿಂದ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಆ ಕಾರ್ಖಾನೆಯ ಜೆಎಸ್‌ಡಬ್ಲ್ಯೂದವರೇ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದು. ಘಟ್ಟದ ಕೆಳಗೂ ಅದೇ ಕತೆ: ಸಾಲಗಾಂವ್ಕರ್, ಡೆಂಪೊ, ಸೆಸಾ ಎಲ್ಲ ಅದಿರಿನ ಮನೆತನಗಳ, ಕಂಪನಿಗಳ ತಂಡಗಳು. ಡೆಂಪೊ ಐದು ಸಲ ದೇಶದ ಚಾಂಪಿಯನ್ ಆಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಗೋವಾದ ಗಣಿ ನಿಲ್ಲಿಸಿತು. 2016ರಲ್ಲಿ ಸಾಲಗಾಂವ್ಕರ್, ಡೆಂಪೊ, ಗೋವಾದ್ದೇ ಆದ ಸ್ಪೋರ್ಟಿಂಗ್ ಮೂರೂ ಐ-ಲೀಗ್ ಬಿಟ್ಟು ಹೊರಬಂದವು. ಐ-ಲೀಗನ್ನು ಎರಡನೇ ದರ್ಜೆಗೆ ಇಳಿಸುವ ಯೋಜನೆಗೆ ಪ್ರತಿಭಟನೆ ಎಂಬುದು ಅವರು ಕೊಟ್ಟ ಕಾರಣ, ಅದು ನ್ಯಾಯವೂ ಹೌದು. ಆದರೆ ಗಣಿಯಲ್ಲಿ ದುಡ್ಡು ಹರಿಯುತ್ತಿದ್ದಿದ್ದರೆ ಅಷ್ಟು ಬೇಗ ಹೊರಬರುತ್ತಿದ್ದರೇ ಎಂದು ನನಗೆ ಅನುಮಾನ. ನಾನು ಹೋದ ಆ ವರ್ಷ ಮಾರ್ಚಿನಿಂದ ಗಣಿ ಮತ್ತೊಮ್ಮೆ ನಿಂತಿತ್ತು. ಸಾವರ್ಡೆ ಹತ್ತಿರ ಟಿಪ್ಪರ್ ಲಾರಿಗಳು ಸಾಲಾಗಿ ನಿಂತು, ಚಕ್ರದ ಸುತ್ತ ಹುಲ್ಲು ಬೆಳೆದಿತ್ತು.

ವಾಸ್ಕೋ ಅದಿರಿನ ಮನೆತನದ ತಂಡವಲ್ಲ, ಊರಿನ ತಂಡ. ಊರು ಎಷ್ಟು ಬಡವಾದರೂ ಎದ್ದು ಹೋಗುವುದಿಲ್ಲವಲ್ಲ.

ಮಡಗಾಂವ್‌ನಲ್ಲಿ ಹುಡುಗರು ಇಳಿದರು. ಮೋಹನ್ ಬಗಾನ್‌ನವನು ಕಿಟಕಿಯ ಹತ್ತಿರ ಬಂದು "ಜೀತ್ಕೇ ಆನಾ, ಕಾಕಾ" ಅಂದ. ವಾಸ್ಕೋದಲ್ಲಿ ಗಾಡಿ ಇಳಿದವನು ನೇರ ತಿಲಕ್ ಮೈದಾನಕ್ಕೆ ನಡೆದೆ.

ಟಿಕೆಟ್ ಇರಲಿಲ್ಲ. ಒಳಗೆ ಹೋಗಿ ಕೂತ ಕೂಡಲೇ ನನ್ನ ಮೊದಲ ಕೆಲಸ ಜನ ಎಣಿಸುವುದು. ದೊಡ್ಡ ತಂಡದ ಅಭಿಮಾನಿಗೆ ಈ ಸುಖ ಇಲ್ಲ. ಅವತ್ತು ನೂರಾ ಹದಿನೇಳು ಮಂದಿ, ಒಂದು ನಾಯಿ. ಪ್ರತಿ ಸಲ ನನ್ನ ಪಕ್ಕ ಕೂರುವ ಮುದುಕ ಆಗಲೇ ಬಂದಿದ್ದ. ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಹದಿನಾರು ವರ್ಷದ ಪರಿಚಯ, ಹೆಸರು ಕೇಳಿಲ್ಲ. ಅವನು ನನ್ನನ್ನು "ಹುಬ್ಳಿ" ಅನ್ನುತ್ತಾನೆ, ನಾನು ಅವನನ್ನು "ಪಾತ್ರಾಂವ್" ಅನ್ನುತ್ತೇನೆ. ಪ್ಲಾಸ್ಟಿಕ್ ಚೀಲ ಸರಿಸಿ ಜಾಗ ಮಾಡಿಕೊಟ್ಟ.

ಎದುರಾಳಿ ಒಂದು ಹಳ್ಳಿ ತಂಡ. ಆಟ ಚೆನ್ನಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ನೆಲ ಮೆತ್ತಗಾಗಿ ಚೆಂಡು ಪುಟಿಯುತ್ತಿರಲಿಲ್ಲ. ಆದರೆ ಇಲ್ಲಿ ಆಟಗಾರನ ಉಸಿರು ಕೇಳುತ್ತದೆ. ಗೋಲ್‌ಕೀಪರ್ ತನ್ನ ಬ್ಯಾಕ್‌ಗಳಿಗೆ ಬಯ್ಯುವುದು ಕೇಳುತ್ತದೆ. ಪಾತ್ರಾಂವ್ ಕೊಂಕಣಿಯಲ್ಲಿ ಬಯ್ದದ್ದು ಲೈನ್ಸ್‌ಮನ್‌ಗೆ ಕೇಳಿ ಅವನು ತಿರುಗಿ ನೋಡುತ್ತಾನೆ. ಟಿವಿಯಲ್ಲಿ ನೋಡುವ ಫುಟ್‌ಬಾಲಿನಲ್ಲಿ ಇದ್ಯಾವುದೂ ಕೇಳುವುದಿಲ್ಲ.

"ಶೇಂಗಾ, ಬಿಸಿ ಶೇಂಗಾ" ಎಂದು ಹಿಂದಿಯಲ್ಲಿ ಕೂಗುತ್ತ ಬಂದವನ ರಾಗದಲ್ಲೇ ಊರು ಗೊತ್ತಾಯಿತು.

"ಯಾವೂರಪಾ?"

ಬುಟ್ಟಿ ಇಳಿಸಿದ. "ಬಾದಾಮಿ ಕಡ್ಯಾವ್ರಿ. ನೀವ್ರಿ?"

"ಹುಬ್ಬಳ್ಳಿ."

"ಆಟಾ ನೋಡಾಕ ಅಲ್ಲಿಂದ ಬಂದೀರಿ?" ಆಟೋದವನ ನಗೆ ಇವನ ಮುಖದಲ್ಲಿ ಬರಲಿಲ್ಲ; ಚಿಂತೆ ಬಂತು. ಇಪ್ಪತ್ತು ವರ್ಷದ ಹಿಂದೆ ಬಂದರಿನ ಕೂಲಿಗೆ ಬಂದವನು. ಬೈನಾ, ಝುವಾರಿನಗರದ ಓಣಿಗಳಲ್ಲಿ ಇಂಥ ಸಾವಿರಾರು ಮಂದಿ ನಮ್ಮವರಿದ್ದಾರೆ. ಫುಟ್‌ಬಾಲ್ ಅವನಿಗೆ ತಿಳಿಯುವುದಿಲ್ಲವಂತೆ. ಆದರೆ ಅವನಿಗೆ ಅವನದೇ ಲೆಕ್ಕ ಇತ್ತು. "ಇವ್ರು ಗೆದ್ರ ಹಾಫ್ ಟೈಮ್ ಆದಮ್ಯಾಲೂ ಶೇಂಗಾ ಹೊಕ್ಕಾವ್ರಿ. ಸೋಲಾಕ ಹತ್ತಿದ್ರು ಅಂದ್ರ ಮುಗೀತು, ಯಾರೂ ಬಾಯಿ ಆಡ್ಸೂದಿಲ್ಲ."

ನನಗಿಂತ ದೊಡ್ಡ ಬೆಂಬಲಿಗ ಇವನೇ. ವಾಸ್ಕೋ ಗೆದ್ದರೆ ನನಗೇನು ಸಿಗುತ್ತದೆ?

ದ್ವಿತೀಯಾರ್ಧದಲ್ಲಿ ಮಳೆ ಹಿಡಿಯಿತು. ಕೊಡೆಯ ಕೆಳಗೆ ಪಾತ್ರಾಂವ್, ನಾನು, ಶೇಂಗಾ ಬುಟ್ಟಿ. ಎಪ್ಪತ್ತನೇ ನಿಮಿಷದ ಸುಮಾರಿಗೆ ನಮ್ಮ ಬ್ಯಾಕ್ ಗೋಲ್‌ಕೀಪರಿಗೆಂದು ಹಿಂದಕ್ಕೆ ಒದ್ದ ಚೆಂಡು ಅರ್ಧ ದಾರಿಯ ನೀರಿನಲ್ಲಿ ನಿಂತುಬಿಟ್ಟಿತು. ಕೀಪರ್ ಓಡಿದ, ಆ ಕಡೆಯ ಹುಡುಗನೂ ಓಡಿದ. ಆ ಹುಡುಗ ಒಂದು ಗೇಣು ಮೊದಲು ಮುಟ್ಟಿದ. 0–1. ತಪ್ಪು ಮಾಡಿದ ಬ್ಯಾಕ್‌ಗೆ ಹತ್ತೊಂಬತ್ತೋ ಇಪ್ಪತ್ತೋ ಇರಬಹುದು. ಮಂಡಿಯೂರಿ, ಚೆಂಡು ನಿಂತ ಆ ಜಾಗವನ್ನೇ ಕೈಯಿಂದ ಬಡಿದ. ನೀರು ಚಿಮ್ಮಿತು. ಪಾತ್ರಾಂವ್ ಬಯ್ಯಲಿಲ್ಲ.

ಅಷ್ಟೇ ಆಟ. ಬಾದಾಮಿಯವನು ಉಳಿದ ಶೇಂಗಾದಲ್ಲಿ ಒಂದು ಪೊಟ್ಟಣ ಕಟ್ಟಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. "ಊರಿಗೆ ಹೊಂಟೀರಿ, ಒಯ್ರಿ" ಅಂದ. ರಾತ್ರಿ ಯಶವಂತಪುರದ ಗಾಡಿ ಹತ್ತಿದೆ. ಕತ್ತಲಲ್ಲಿ ಘಟ್ಟ ಕಾಣುವುದಿಲ್ಲ, ಹಿಂದೆ ತಳ್ಳುವ ಬ್ಯಾಂಕರಿನ ಗುಡುಗು ಮಾತ್ರ ಬೆನ್ನಿಗೆ ತಾಗುತ್ತದೆ. ಬೆಳಕು ಹರಿಯುವ ಮುಂಚೆ ಹುಬ್ಬಳ್ಳಿ. ಅಪ್ಪ ಎದ್ದು ಹಾಸಿಗೆಯಲ್ಲೇ ಕೂತಿದ್ದ, ಆಗ ಅವನಿಗೆ ಎಂಬತ್ತೊಂದು. "ಎಷ್ಟು?" ಅಂದ. ಹೇಳಿದೆ. "ಗೋಲು ಹೆಂಗಾತು?" ಅಂದ. ಪೊಟ್ಟಣ ಬಿಚ್ಚಿ ಹೇಳಲು ಕೂತೆ.

ಗೋವಾಕ್ಕೆ ಹೋಗುವ ನಮ್ಮ ಕಡೆಯವರಿಗೆ ಒಂದು ಮಾತು. ವಾಸ್ಕೋ ಸ್ಟೇಷನ್ನಿನಿಂದ ತಿಲಕ್ ಮೈದಾನಕ್ಕೆ ನಡೆದೇ ಹೋಗಬಹುದು. ಆಟ ಇದ್ದರೆ ಸಂಜೆ ನಾಲ್ಕರ ಸುಮಾರಿಗೆ. ಕೊಡೆ ಇರಲಿ. ಶೇಂಗಾ ಹಾಫ್ ಟೈಮ್ ಆದ ಮೇಲೆ ಕೊಳ್ಳಿ.