ಆರ್ಡರ್ ಬಂದದೇನು?

ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಮನೆಯೊಳಗಿನ ಮಾತು, ಅದೂ ನನ್ನ ಪೆದ್ದತನದ ಮಾತು. ಆದರೆ ಊರು ಬಿಟ್ಟು ಇಲ್ಲಿಗೆ ಬಂದು, ಮಕ್ಕಳನ್ನು ಇನ್ನೂ ದೂರ ಕಳಿಸಿ ಕೂತ ನಮ್ಮಂಥವರು ಬಹಳ ಜನ ಇದ್ದಾರಲ್ಲ, ಅವರಿಗೆ ಹೇಳಬೇಕು ಅನ್ನಿಸಿತು.

2025ರ ಜನವರಿ 8, ಬುಧವಾರ. ಸಂಕ್ರಾಂತಿ ಇನ್ನು ಆರೇ ದಿನ. ನಮ್ಮಾಕಿ ಅಡಿಗೆಮನೆಯಲ್ಲಿ ಎಳ್ಳು ಹಸನು ಮಾಡಲು ಹರವಿಕೊಂಡಿದ್ದಳು. ನಾನು ಡಬ್ಬಿ ತಗೊಂಡು ವನಾಜ್ ಮೆಟ್ರೋ ಸ್ಟೇಷನ್ನಿಗೆ ಹೊರಟಿದ್ದೆ. ಒಂಬತ್ತೂವರೆ ಆಗಿರಬೇಕು, ಮಗಳ ಫೋನ್ ಬಂತು. ಅವಳಿರುವುದು ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್ ಹತ್ತಿರ ಅಲ್ಟಡೀನಾ ಅಂತ ಊರು, ಗುಡ್ಡದ ಬುಡಕ್ಕೇ ಇದೆ. ಗಂಡ, ಎರಡು ವರ್ಷದ ಮಗ, ಒಂದು ಸಣ್ಣ ಬಾಡಿಗೆ ಮನೆ. ನಮಗೂ ಅವರಿಗೂ ಆ ತಿಂಗಳು ಹದಿಮೂರೂವರೆ ತಾಸಿನ ಅಂತರ. ಅಂದರೆ ಅಲ್ಲಿ ಇನ್ನೂ ಮಂಗಳವಾರ ರಾತ್ರಿ ಎಂಟು.

"ಅಪ್ಪಾ, ಕರೆಂಟ್ ಹೋಗ್ಯದ. ಗಾಳಿ ಹೆಂಗದ ಅಂದ್ರ ಕಾರಿನ ಬಾಗಲಾ ತಗೀಲಿಕ್ಕೆ ಆಗವಲ್ದು. ಗುಡ್ಡದಾಗ ಬೆಂಕಿ ಹತ್ತೇದ."

"ಎಷ್ಟು ದೂರ ಅದ?"

"ಎರಡು ಮೂರು ಮೈಲಿ ಇರಬೇಕು. ಕಿಡಕಿಯಿಂದ ಆಕಾಶ ಕೆಂಪ ಕಾಣ್ತದ."

"ಮನಿ ಬಿಡ್ರಿ ಅಂತ ಆರ್ಡರ್ ಬಂದದೇನು?"

"ಲೇಕ್ ಅವೆನ್ಯೂದ ಆಚಿ ಕಡೆಯವರಿಗೆ ಬಂದದ. ನಮ್ಮ ಕಡೆ ಇನ್ನೂ ಇಲ್ಲ."

"ಹಂಗಾದ್ರ ಯಾಕ ಗಾಬರಿ? ಕೂಸಿನ್ನ ಕರಕೊಂಡು ಕತ್ತಲಾಗ ಎಲ್ಲಿಗೆ ಹೋಗ್ತಿ? ಆರ್ಡರ್ ಬರ್ಲಿ, ಆಮ್ಯಾಲ ನೋಡೋಣು."

ಹೀಗೆ ಹೇಳಿ ನಾನು ಮೆಟ್ರೋ ಹತ್ತಿದೆ. ನನಗೆ ಗುಡ್ಡದ ಬೆಂಕಿ ಅಂದರೆ ಗೊತ್ತಿದ್ದದ್ದು ನಮ್ಮ ವೇತಾಳ ಟೇಕಡಿಯದು. ಫೆಬ್ರುವರಿ ಮುಗಿಯುವ ಹೊತ್ತಿಗೆ ಟೇಕಡಿಯ ಹುಲ್ಲು ಒಣಗಿ ಬಂಗಾರದ ಬಣ್ಣ ಆಗುತ್ತದೆ. ಯಾವನೋ ಬೀಡಿ ಎಸೆಯುತ್ತಾನೆ, ಹತ್ತಿಕೊಳ್ಳುತ್ತದೆ. ವಾಕಿಂಗಿಗೆ ಬಂದವರೇ ಹಸಿ ಟೊಂಗೆ ಮುರಿದು ಬಡಿದು ಆರಿಸುತ್ತಾರೆ. ನಾನೂ ಎರಡು ಸಲ ಬಡಿದಿದ್ದೇನೆ, ಒಂದು ಸಲ ಪ್ಯಾಂಟ್ ಸುಟ್ಟುಕೊಂಡು ಬೈಸಿಕೊಂಡಿದ್ದೇನೆ. ಅಮೆರಿಕದಂಥ ದೇಶದಲ್ಲಿ, ಅಷ್ಟು ಫೈರ್ ಇಂಜಿನ್ನು, ಹೆಲಿಕಾಪ್ಟರು ಇರುವಲ್ಲಿ ಎರಡು ಮೈಲಿ ದೂರದ ಬೆಂಕಿಗೆ ಇವಳ್ಯಾಕೆ ಹೆದರಬೇಕು ಅನ್ನಿಸಿತ್ತು. ಆ ರಾತ್ರಿ ಗಾಳಿಯ ಹೊಡೆತಕ್ಕೆ ಹೆಲಿಕಾಪ್ಟರುಗಳು ನೆಲಬಿಟ್ಟು ಏಳಲಾಗಿರಲಿಲ್ಲ ಅಂತ ನನಗೇನು ಗೊತ್ತು?

ಬೆಂಕಿ ಶುರುವಾದದ್ದು ಅಲ್ಲಿಯ ಸಂಜೆ 6.18ರ ಸುಮಾರಿಗೆ, ಈಟನ್ ಕ್ಯಾನ್ಯನ್ ಅನ್ನುವ ಕಣಿವೆಯಲ್ಲಿ. ಅದಕ್ಕೆ ಮೊದಲೇ, ಬೆಳಿಗ್ಗೆ, ಸಮುದ್ರದ ಕಡೆಯ ಪ್ಯಾಲಿಸೇಡ್ಸ್‌ನಲ್ಲಿ ಇನ್ನೊಂದು ದೊಡ್ಡ ಬೆಂಕಿ ಎದ್ದು ಇಂಜಿನ್ನುಗಳೆಲ್ಲ ಆ ಕಡೆ ಓಡಿದ್ದವು. ಎರಡು ವರ್ಷ ಚೆನ್ನಾಗಿ ಮಳೆಯಾಗಿ ಗುಡ್ಡದಲ್ಲಿ ಹುಲ್ಲು, ಪೊದೆ ಹುಲುಸಾಗಿ ಬೆಳೆದಿತ್ತು. ಆಮೇಲೆ ತಿಂಗಳುಗಟ್ಟಲೆ ಮಳೆಯೇ ಇಲ್ಲ, ಎಲ್ಲ ಒಣಗಿ ಹಪ್ಪಳ. ಅದರ ಮೇಲೆ ಸಾಂಟಾ ಆನಾ ಅಂತ ಅವರು ಕರೆಯುವ ಒಣಗಾಳಿ. ಮರುಭೂಮಿ ಕಡೆಯಿಂದ ಗುಡ್ಡ ಇಳಿದು ಬರುತ್ತದೆ. ಆ ರಾತ್ರಿ ಗಂಟೆಗೆ 80 ಮೈಲಿ ದಾಟಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು 130 ಕಿಲೋಮೀಟರು. ಇಂಥ ಗಾಳಿಯಲ್ಲಿ ಬೆಂಕಿ ನಡೆದುಕೊಂಡು ಬರುವುದಿಲ್ಲ, ಹಾರಿ ಬರುತ್ತದೆ. ಕೆಂಡ ತೂರಿಬಂದು ಮಾಡಿನ ಸಂದಿಯೊಳಗೆ ಹೋಗಿ ಕೂತರೆ ಮನೆ ಒಳಗಿನಿಂದ ಹತ್ತುತ್ತದೆ. ಆ ಮನೆಯ ಕೆಂಡ ಮುಂದಿನ ಮನೆಗೆ. ಕಟ್ಟಿಗೆಯ ಮನೆಗಳು ಬೇರೆ.

ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ನಾನು ಮಾಡಿದ್ದು ಏನಪ್ಪಾ ಅಂದರೆ, ಬ್ರಾಂಚಿನಲ್ಲಿ ಕೂತು ಒಂದು ಪಟ್ಟಿ ಬರೆದದ್ದು. ಪಾಸ್‌ಪೋರ್ಟ್, ವೀಸಾ ಕಾಗದ, ಕೂಸಿನ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟ್, ಇಬ್ಬರ ಡಿಗ್ರಿ ಮಾರ್ಕ್ಸ್ ಕಾರ್ಡು, ಇನ್ಶೂರೆನ್ಸ್, ಬಾಡಿಗೆ ಕರಾರು, ಚೆಕ್ ಬುಕ್, ಚಿನ್ನ. ನಂಬರು ಹಾಕಿ ವಾಟ್ಸಾಪಿನಲ್ಲಿ ಕಳಿಸಿದೆ. ಮೂವತ್ತು ವರ್ಷದ ಮೇಲೆ ಸಾಲದ ಫೈಲು ನೋಡಿದವನಿಗೆ ಇಂಥ ಪಟ್ಟಿ ನಿದ್ದೆಗಣ್ಣಲ್ಲೂ ಬರುತ್ತದೆ. ಕೆಳಗೆ ಇನ್ನೊಂದು ಸಾಲು: "ಎಲ್ಲಾ ಕಾರಿನಲ್ಲಿ ಇಡು. ಆದರೆ ಆರ್ಡರ್ ಬರೋತನಕ ಹೊರಡಬೇಡ."

ಅಳಿಯ ವಾಚ್ ಡ್ಯೂಟಿ ಅನ್ನುವ ಒಂದು ಬೆಂಕಿ ನಕಾಶೆಯ ಲಿಂಕು ಕಳಿಸಿದ್ದ. ಕೌಂಟರಿನ ಗದ್ದಲದ ನಡುವೆ ಅದನ್ನು ತೆಗೆದು ತೆಗೆದು ನೋಡುತ್ತಿದ್ದೆ. ಲೇಕ್ ಅವೆನ್ಯೂ ಅಂದರೆ ಊರ ನಡುವೆ ತೆಂಕಣಕ್ಕೆ ಇಳಿಯುವ ದೊಡ್ಡ ರಸ್ತೆ, ನಮ್ಮ ಪೌಡ್ ರೋಡ್ ಇದ್ದಂತೆ ಅನ್ನಿ. ಅದರ ಪೂರ್ವಕ್ಕೆ ಬಣ್ಣ ಬಳಿದಿತ್ತು, ಪಶ್ಚಿಮಕ್ಕೆ ಇಲ್ಲ. ಬಣ್ಣ ಇಲ್ಲದ ಕಡೆ ನನ್ನ ಮಗಳ ಮನೆ. ನೋಡಿದಾಗಲೆಲ್ಲ ಸಮಾಧಾನ ಆಗುತ್ತಿತ್ತು.

ಈ ಆರ್ಡರಿನ ಭಕ್ತಿ ನನಗೆ ಎಲ್ಲಿಂದ ಬಂತು ಅಂತ ನಮ್ಮಾಕಿ ಆಮೇಲೆ ಕೇಳಿದಳು. ಬ್ಯಾಂಕಿನಿಂದ ಅಂದಳು. ಸರ್ಕ್ಯುಲರ್ ಬರದೆ ನಾವು ಕುರ್ಚಿ ಸರಿಸುವುದಿಲ್ಲ, ಅದು ನಿಜ. ಆದರೆ ಅದಕ್ಕೂ ಹಿಂದಿನದು ಒಂದಿದೆ. ನಾನು ಬಾಗಲಕೋಟೆಯವನು, ಹಳೇ ಊರಿನವನು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ನಮ್ಮ ಓಣಿ ಹೋಯಿತು. ಮನೆ ಬಿಡುವುದು ಅಂದರೆ ನಾನು ಕಂಡದ್ದು ಅದನ್ನೇ. ಸರ್ವೇ ಮಾಡುವವರು ಬಂದು ಗೋಡೆಯ ಮೇಲೆ ನಂಬರು ಬರೆದು ಹೋದರು. ನೋಟಿಸು ಬಂತು, ಇನ್ನೊಂದು ನೋಟಿಸು ಬಂತು. ಪರಿಹಾರ ಸಾಲದು ಅಂತ ನಮ್ಮಪ್ಪ ಕೋರ್ಟಿಗೆ ಹೋದರು. ನವನಗರದಲ್ಲಿ ಪ್ಲಾಟ್ ಸಿಕ್ಕಿತು, ಮನೆ ಎದ್ದಿತು, ಅಷ್ಟಾದರೂ ಅಪ್ಪ ಹಳೇ ಮನೆ ಬಿಡಲಿಲ್ಲ. "ಇನ್ನೂ ಕಡೀ ನೋಟಿಸ್ ಬಂದಿಲ್ಲ" ಅನ್ನುತ್ತಿದ್ದರು. ಕಡೆಗೆ ಬಿಡುವಾಗ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಅವ್ವ ತುಳಸಿ ಕಟ್ಟೆಯ ಮಣ್ಣನ್ನೂ ಒಂದು ಬುಟ್ಟಿ ತಂದಳು. ದೇವರ ಕೋಣೆಯ ಬಾಗಿಲಿಗೆ ಸಣ್ಣ ಹಿತ್ತಾಳೆ ಗಂಟೆಗಳಿದ್ದವು, ಅದರಲ್ಲಿ ಒಂದನ್ನು ಮುಂದೆ ನನ್ನ ಮಗಳಿಗೆ ಕೊಟ್ಟಳು. ನಮ್ಮ ಮನೆಯಲ್ಲಿ ನೀರು ಕೂಡ ಕಾಗದ ಕಳಿಸಿಯೇ ಬಂದದ್ದು.

ನಮ್ಮ ಪಕ್ಕದ ಫ್ಲಾಟಿನ ಆಜೀದು ಇದಕ್ಕೆ ತದ್ವಿರುದ್ಧ. ಆಕೆ ನಾರಾಯಣ ಪೇಠೆಯವಳು, ನದಿ ದಂಡೆಯ ವಾಡೆಯಲ್ಲಿ ಹುಟ್ಟಿದವಳು. ಪಾನಶೇತ ಅಣೆಕಟ್ಟು ಒಡೆದಾಗ ಒಂಬತ್ತು ವರ್ಷದ ಹುಡುಗಿ. ಪುಣೆಯಲ್ಲಿ ಇರುವವರಿಗೆ ಆ ತಾರೀಖು ಹೇಳಬೇಕಿಲ್ಲ, 12 ಜುಲೈ 1961. ಇನ್ನೂ ಕಟ್ಟುತ್ತಿದ್ದ ಪಾನಶೇತ ಬೆಳಿಗ್ಗೆ ಒಡೆಯಿತು, ಅದರ ನೀರಿಗೆ ಕೆಳಗಿನ ಖಡಕವಾಸಲಾ ಕೂಡ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಮುಠಾ ನದಿ ಪೇಠೆಗಳೊಳಗೆ ಬಂತು. ಆಜಿಯ ಮನೆಗೆ ಯಾರೂ ಬಂದು ಬಿಡಿ ಅಂತ ಹೇಳಿರಲಿಲ್ಲವಂತೆ. ಬೀದಿಯಲ್ಲಿ ಯಾರೋ "ಪಾಣೀ ಆಲಂ, ಪಳಾ" ಅಂತ ಕೂಗಿದ್ದೇ ನೋಟಿಸು. ಅವಳ ತಾಯಿ ಒಲೆ ಮೇಲಿನ ಅನ್ನ ಅಲ್ಲೇ ಬಿಟ್ಟು ಎರಡು ಮಕ್ಕಳ ಕೈ ಹಿಡಿದು ಓಡಿದಳು. ಸಂಜೆಗೆ ವಾಡೆ ಇರಲಿಲ್ಲ, ಮಣ್ಣಿನ ಗೋಡೆ ನೆನೆದು ಕೂತುಬಿಟ್ಟಿತ್ತು. ಆಮೇಲೆ ಅವರೆಲ್ಲ ಕೋಥರೂಡಕ್ಕೆ ಬಂದರು. ಆಗ ಇಲ್ಲಿ ಬರೀ ಹೊಲ ಅಂತೆ.

ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಕಾಲದಲ್ಲಿ ನಮ್ಮ ಮಗಳನ್ನು ಬೆಳೆಸಿದವಳು ಈ ಆಜಿಯೇ. ಮಗಳಿಗೆ ಸಿಟ್ಟು ಬಂದರೆ ಈಗಲೂ ಮರಾಠಿಯೇ ಬರುತ್ತದೆ.

ಮಧ್ಯಾಹ್ನ ಒಂದೂವರೆಗೆ, ಅಲ್ಲಿಯ ನಡುರಾತ್ರಿ, ಮಗಳು ನನಗೆ ಮಾಡಿದಳು. ನಾನು ಎತ್ತಲಿಲ್ಲ. ಒಬ್ಬ ಗಿರಾಕಿ ಎದುರಿಗೆ ಕೂತು ಮಗನ ಶಿಕ್ಷಣ ಸಾಲದ ಬಗ್ಗೆ ಜಗಳಾಡುತ್ತಿದ್ದ. ಅವಳು ತಾಯಿಗೆ ಮಾಡಿದಳು. ಆಜಿ ಅಲ್ಲೇ ಎಳ್ಳು ಹಸನು ಮಾಡುತ್ತ ಕೂತಿದ್ದಳು. ಹೊಗೆ ಮನೆಯೊಳಗೆ ಬರುತ್ತಿದೆ, ಬೀದಿಯಲ್ಲಿ ಟೊಂಗೆ ಬಿದ್ದಿವೆ, ಆರ್ಡರ್ ಇನ್ನೂ ಬಂದಿಲ್ಲ, ಅಪ್ಪ ಕಾಯಬೇಕು ಅಂದಾರ, ಏನು ಮಾಡಲಿ ಅಂತ ಮಗಳು. ನಮ್ಮಾಕಿ ಏನು ಹೇಳಬೇಕು ತಿಳಿಯದೆ ಆಜಿಗೆ ಮರಾಠಿಯಲ್ಲಿ ಹೇಳಿದಳು. ಆಜಿ ಎಳ್ಳಿನ ಕೈಯಿಂದಲೇ ಫೋನ್ ಕಸಿದುಕೊಂಡು ಹೇಳಿದ್ದು ನಾಲ್ಕೇ ಮಾತು: "ವಿಚಾರತ ಕಾಯ ಬಸಲೀಸ? ನಿಘ!" ಕೇಳುತ್ತಾ ಏನು ಕೂತಿದ್ದೀ, ಹೊರಡು.

ಹತ್ತು ನಿಮಿಷದಲ್ಲಿ ಹೊರಟರು. ಸೆರಿಟೋಸ್ ಅನ್ನುವ ಊರಿನಲ್ಲಿ ಪರಿಚಯದ ಕನ್ನಡ ಮನೆಯೊಂದಿತ್ತು, ಅಲ್ಲಿಗೆ.

ಎರಡೂವರೆಗೆ ನನಗೆ ಗೊತ್ತಾಯಿತು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಬಂದದ್ದು ಸಿಟ್ಟು. "ಆರ್ಡರ್ ಇಲ್ಲದ, ಆ ಗಾಳಿಯೊಳಗ, ಮರ ಬೀಳೋ ರಸ್ತಾದಾಗ, ಕೂಸಿನ್ನ ಕರಕೊಂಡು! ಆಜಿಗೇನು ತಿಳೀತದ ಅಮೆರಿಕಾದ್ದು?" ಅಂತ ಹೆಂಡತಿಯ ಮೇಲೆ ಫೋನಿನಲ್ಲೇ ಕೂಗಾಡಿದೆ. ಅವಳು ಏನೂ ಅನ್ನದೆ ಇಟ್ಟುಬಿಟ್ಟಳು.

ಲೇಕ್ ಅವೆನ್ಯೂದ ಪಶ್ಚಿಮ ಭಾಗಕ್ಕೆ ಮನೆ ಬಿಡುವ ಆದೇಶ ಬಂದದ್ದು ಅಲ್ಲಿಯ ನಸುಕಿನ 3.25ರ ಸುಮಾರಿಗೆ. ನಮಗೆ ಸಂಜೆ ಐದಕ್ಕೆ ಐದು ನಿಮಿಷ. ನಾನು ದಿನದ ಲೆಕ್ಕ ಮುಗಿಸುತ್ತಿದ್ದೆ, ನಕಾಶೆಯಲ್ಲಿ ಅವಳ ಬೀದಿಗೂ ಬಣ್ಣ ಬಂತು. ಅಷ್ಟೊತ್ತಿಗೆ ಆ ಕಡೆ ಮನೆಗಳು ಉರಿಯಲು ಶುರುವಾಗಿ ತಾಸುಗಟ್ಟಲೆ ಆಗಿತ್ತು. ಈಟನ್ ಬೆಂಕಿಯಲ್ಲಿ ಸತ್ತವರು 19 ಜನ. ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಲೇಕ್ ಅವೆನ್ಯೂದ ಪಶ್ಚಿಮದವರು. ಹೆಚ್ಚಿನವರು ವಯಸ್ಸಾದವರು. ಕಟ್ಟಡಗಳು 9,400ಕ್ಕೂ ಹೆಚ್ಚು ಹೋದವು, ಮಗಳ ಮನೆ ಅದರಲ್ಲಿ ಒಂದು.

ಈ ಪಶ್ಚಿಮ ಭಾಗದ ಬಗ್ಗೆ ಬ್ಯಾಂಕಿನವನಾಗಿ ಒಂದು ಮಾತು. ಅಮೆರಿಕದಲ್ಲಿ ಒಂದು ಕಾಲಕ್ಕೆ ನಕಾಶೆಗಳಲ್ಲಿ ಕರಿಯರ ಬಡಾವಣೆಗಳಿಗೆ ಕೆಂಪು ಬಳಿದು ಅಲ್ಲಿ ಮನೆಸಾಲ ಕೊಡುತ್ತಿರಲಿಲ್ಲ. ಬೇರೆ ಕಡೆ ಮನೆ ಸಿಗದ ಕರಿಯ ಕುಟುಂಬಗಳು 1960ರ ದಶಕದಿಂದ ಬಂದು ಮನೆ ಕೊಂಡ ಜಾಗಗಳಲ್ಲಿ ಪಶ್ಚಿಮ ಅಲ್ಟಡೀನಾ ಒಂದು. ಮಗಳ ಮನೆಯ ಮಾಲಕಿ ಅಂಥ ಕುಟುಂಬದ ಮುದುಕಿ. ಸಾಲ ತೀರಿಸಿ, ಮೂರು ತಲೆಮಾರು ಅದೇ ಮನೆ. ನಾನು ಎಷ್ಟು ಮನೆಸಾಲಕ್ಕೆ ಸಹಿ ಹಾಕಿದ್ದೇನೋ, ಒಂದು ಗೆರೆಯ ಆಚೆ ಈಚೆ ಅಂದರೆ ಏನು ಅಂತ ಅವತ್ತಿನ ತನಕ ಯೋಚಿಸಿರಲಿಲ್ಲ.

ಅಂದಹಾಗೆ ಮರುದಿನ, ಜನವರಿ 9ರಂದು, ಇನ್ನೊಂದು ತಮಾಷೆ ಆಯಿತು. ಎಲ್ಲೋ ಒಂದು ಕಡೆಯವರಿಗೆ ಹೋಗಬೇಕಾದ ಮನೆ ಬಿಡುವ ಎಚ್ಚರಿಕೆ ತಪ್ಪಿ ಇಡೀ ಲಾಸ್ ಏಂಜಲೀಸ್ ಕೌಂಟಿಗೇ, ಸುಮಾರು ಒಂದು ಕೋಟಿ ಜನರ ಫೋನುಗಳಿಗೆ ಹೋಯಿತು. ಸೆರಿಟೋಸಿನಲ್ಲಿ ಹೊಗೆಯೂ ಇಲ್ಲ, ಆದರೆ ಎಲ್ಲರ ಫೋನು ಒಮ್ಮೆಗೇ ಕಿರುಚಿಕೊಂಡವು. ಬೇಕಾದಾಗ ಬರದ ಆರ್ಡರ್ ಬೇಡಾದಾಗ ಬಂತು. ಸ್ವಲ್ಪ ಹೊತ್ತಿಗೆ ತಪ್ಪಾಯಿತು ಅಂತ ಇನ್ನೊಂದು ಸಂದೇಶ. ಇದನ್ನು ಮಗಳು ಫೋನ್ ಮಾಡಿ ಹೇಳಿದ್ದು ಆಜಿಗೆ. ನನಗೆ ಆಜಿ ಹೇಳಿದಳು.

ನನ್ನ ಪಟ್ಟಿಯ ಸಾಮಾನು ಒಂದೂ ಬಿಡದೆ ಒಯ್ದಿದ್ದಳು, ನಂಬರಿನ ಪ್ರಕಾರ. ಗಂಟೆ ಪಟ್ಟಿಯಲ್ಲಿ ಇರಲಿಲ್ಲ. ಅದು ದೇವರ ಕಪಾಟಿನಲ್ಲೇ ಉಳಿಯಿತು. ಒಳಗೆ ಬಿಟ್ಟ ಮೇಲೆ ಅಳಿಯ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬೂದಿ ಜರಡಿ ಹಿಡಿದು ನೋಡಿದ. ಸ್ಟೀಲಿನ ಮಸಾಲೆ ಡಬ್ಬಿ ಸೊಟ್ಟಾಗಿ ಸಿಕ್ಕಿತು, ಗಂಟೆ ಸಿಗಲಿಲ್ಲ. ಮಗಳು ಅತ್ತಿದ್ದು ಅದಕ್ಕೆ ಮಾತ್ರ. ನಾನು ಹೋಗಲಿ ಬಿಡವ್ವಾ ಅಂದೆ. ಇನ್ನೇನು ಹೇಳುವುದು? ನಾನು ಹೇಳಿದಂತೆ ಕಾದಿದ್ದರೆ ಅನ್ನುವ ಮಾತು ನಮ್ಮಿಬ್ಬರ ನಡುವೆ ಇದುವರೆಗೆ ಬಂದಿಲ್ಲ. ಅವಳು ತೆಗೆದಿಲ್ಲ, ನಾನು ತೆಗೆಯುವ ಧೈರ್ಯ ಮಾಡಿಲ್ಲ. ನಮ್ಮಾಕಿಯ ಹತ್ತಿರ ಮಾತ್ರ ಅದೇ ವಾರ ತಪ್ಪಾಯಿತು ಅಂದೆ. ಆಜಿಗೆ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಟ್ಟು ಕಾಲಿಗೆ ಬಿದ್ದೆ. ಪ್ರತಿವರ್ಷ ಬೀಳುತ್ತೇನೆ, ಆದ್ದರಿಂದ ಆಕೆಗೆ ವಿಶೇಷ ಏನೂ ಅನ್ನಿಸಿರಲಿಕ್ಕಿಲ್ಲ.

ಅದಾಗಿ ಎರಡು ತಿಂಗಳಿಗೆ, ಮಾರ್ಚಿನ ಒಂದು ಭಾನುವಾರ ಸಂಜೆ, ಟೇಕಡಿಯ ನಮ್ಮ ಕಡೆಯ ಇಳಿಜಾರಿಗೆ ಬೆಂಕಿ ಬಿತ್ತು. ಪ್ರತಿವರ್ಷದ್ದೇ. ಗಾಳಿ ಸ್ವಲ್ಪ ಜೋರಿತ್ತು, ಹೊಗೆ ಬಾಲ್ಕನಿಗೆ ಬಂತು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿ "ಯಾರೂ ಗಾಬರಿ ಆಗಬಾರದು, ಸೂಚನೆಗಾಗಿ ಕಾಯಿರಿ" ಅಂತ ಬರೆದ. ನಾನು ಕೆಳಗೆ ಇಣುಕಿ ನೋಡಿದೆ. ಆಜಿ ಆಗಲೇ ಗೇಟಿನ ಹೊರಗೆ, ಚಪ್ಪಲಿ ಮೆಟ್ಟಿ, ಪರ್ಸು ಕಂಕುಳಲ್ಲಿಟ್ಟು ನಿಂತಿದ್ದಳು, ಒಬ್ಬಳೇ. ನಮ್ಮಾಕಿ ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ಫೋನ್ ಅಲ್ಲೇ ಬಿಟ್ಟು ನಾಲ್ಕು ಮಜಲೆ ಮೆಟ್ಟಿಲು ಇಳಿದು ಹೋಗಿ ಆಕೆಯ ಪಕ್ಕ ನಿಂತೆ.

ಅರ್ಧ ತಾಸಿಗೆ ಬೆಂಕಿ ಆರಿತು, ಇಬ್ಬರೂ ಮೇಲೆ ಬಂದೆವು. ಬಾಗಿಲು ತೆಗೆದರೆ ಮನೆ ತುಂಬ ಹೊಗೆ. ಗ್ಯಾಸಿನ ಮೇಲೆ ಹಾಲು ಇಟ್ಟು ಹೋಗಿದ್ದೆ.