ಕೈಗೆ ಕೆಲಸ, ಕಿವಿಗೆ ಹರಟೆ

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಕೊಪ್ಪದ ಸುತ್ತಮುತ್ತ ರಾತ್ರಿ ಎನ್ನುವುದೇ ಆಗುವುದಿಲ್ಲ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಯಾವ ದಾರಿ ಹಿಡಿದರೂ ಸೊಪ್ಪು ಒಣಗಿಸುವ ಬ್ಯಾರನ್‌ಗಳು ಹೊಗೆಯಾಡುತ್ತಿರುತ್ತವೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ನೇತುಹಾಕಿ ಬೆಂಕಿ ಕೊಟ್ಟರೆಂದರೆ ಮುಂದೆ ಐದಾರು ದಿನ ಅದನ್ನು ಬಿಟ್ಟು ಕದಲುವಂತಿಲ್ಲ. ಮೊದಲು 35 ಡಿಗ್ರಿ ಆಸುಪಾಸಿನ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಶಾಖವನ್ನು ಮೆಲ್ಲಮೆಲ್ಲಗೆ ಏರಿಸಿ ಎಲೆ ಒಣಗಿಸಬೇಕು, ಕೊನೆಗೆ 70ರ ಹತ್ತಿರಕ್ಕೆ ಒಯ್ದು ನಡುನರ ಒಣಗಿಸಬೇಕು. ಆತುರಪಟ್ಟು ಸೌದೆ ತುರುಕಿದರೆ ಹಸಿರು ಹಾಗೇ ಕೂತುಬಿಡುತ್ತದೆ. ಹದ ತಪ್ಪಿದ ಸೊಪ್ಪು ತಗೊಂಡು ಕಂಪಲಾಪುರದ ಹರಾಜಿಗೆ ಹೋದರೆ ತಲೆ ತಗ್ಗಿಸಿಕೊಂಡೇ ವಾಪಸು ಬರಬೇಕು.

ಹೀಗೆ ಸೌದೆ ನೂಕುತ್ತ, ಥರ್ಮಾಮೀಟರ್ ನೋಡುತ್ತ ಕೂತವನಿಗೆ ಕೈಗೂ ಕೆಲಸ, ಕಣ್ಣಿಗೂ ಕೆಲಸ. ಕಿವಿ ಮಾತ್ರ ನಿರುದ್ಯೋಗಿ. ಪಾಡ್‌ಕಾಸ್ಟ್ ಹುಟ್ಟಿದ್ದೇ ಇಂಥ ಕಿವಿಗಳಿಗಾಗಿ ಎಂದು ನನ್ನ ನಂಬಿಕೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬೆಂಗಳೂರಿನವರಿಗಾಗಿ ಹುಟ್ಟಿದ್ದು ಅಂತ ಅಕ್ಕನ ಮಗ ವಾದಿಸುತ್ತಾನೆ. ಅವನು ಅಲ್ಲಿ ಆ್ಯಪ್ ಮಾಡುವ ಕೆಲಸದಲ್ಲಿದ್ದಾನೆ, ದಿನಾ ಸಿಕ್ಕಿಕೊಳ್ಳುತ್ತಾನೆ.

ಹಿಂದೆ ಬ್ಯಾರನ್ ಕಾಯುವವರಿಗೆ ರೇಡಿಯೋ ಇತ್ತು. ರೇಡಿಯೋ ವಿಷಯಕ್ಕೆ ನಮ್ಮ ಮೈಸೂರು ಸೀಮೆಯವರು ತುಸು ಜಂಬಪಟ್ಟರೂ ಸಲ್ಲುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯಲ್ಲಿದ್ದದ್ದು, ಆಮೇಲೆ ದೇಶಕ್ಕೆಲ್ಲ ಹೋಯಿತು. ಮಲಗುವ ಕೋಣೆಯಲ್ಲಿ ದಿಂಬು ಒಟ್ಟಿಕೊಂಡು ಪಾಡ್‌ಕಾಸ್ಟ್ ಮಾಡುವ ಹುಡುಗರನ್ನು ಕಂಡು ಯಾರಾದರೂ ಮೂಗು ಮುರಿದರೆ ನಾನು ಗೋಪಾಲಸ್ವಾಮಿಯವರ ಹೆಸರು ಎತ್ತುತ್ತೇನೆ. ಆದರೆ ರೇಡಿಯೋಗೆ ಒಂದು ಚಾಳಿ: ರಾತ್ರಿ ಹನ್ನೊಂದರ ಹೊತ್ತಿಗೆ ಮಲಗಿಬಿಡುತ್ತಿತ್ತು. ಬ್ಯಾರನ್ ಕಾಯುವವನಿಗೆ ನಿಜವಾದ ರಾತ್ರಿ ಶುರುವಾಗುವುದೇ ಆಗ.

ಪಾಡ್‌ಕಾಸ್ಟ್‌ನ ಹುಟ್ಟೂ ಹೀಗೆ ಮನೆಮಟ್ಟದ್ದೇ. ಅಮೆರಿಕದಲ್ಲಿ ಡೇವ್ ವೈನರ್ ಎಂಬ ಪ್ರೋಗ್ರಾಮರ್ ಆರ್‌ಎಸ್‌ಎಸ್ ಎಂಬ ಪಟ್ಟಿಗೆ ಧ್ವನಿಯನ್ನೂ ಪೋಣಿಸುವ ದಾರಿ ಮಾಡಿದ, ಟಿ.ವಿ.ಯಲ್ಲಿ ಹೆಸರು ಮಾಡಿದ್ದ ಆ್ಯಡಂ ಕರಿ ಅದನ್ನು ಹಿಡಿದು ಮಾತಿಗೆ ಕೂತ. 2005ರಲ್ಲಿ ಆಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಜಾಗ ಕೊಟ್ಟಿತು. ಲೈಸೆನ್ಸ್ ಬೇಡ, ಸ್ಟೇಷನ್ ಡೈರೆಕ್ಟರ ಸಹಿ ಬೇಡ. ಮಾತು ಮುಗಿಸಿ ಪಟ್ಟಿಗೆ ಸೇರಿಸಿದರೆ ಸಾಕು, ಕೇಳುವವರ ಫೋನಿಗೆ ತಾನಾಗಿ ಬಂದು ಬೀಳುತ್ತದೆ. ಇಷ್ಟಾದರೂ ಅದು ನಮ್ಮ ಬ್ಯಾರನ್‌ವರೆಗೆ ಬರಲು 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಬೇಕಾಯಿತು. ಈಗ ಪಕ್ಕದ ಟಿಬೆಟನ್ ಕ್ಯಾಂಪಿನ ಲಾಮಾಗಳೂ ಕೊಪ್ಪದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಆಟೋ ಕಾಯುತ್ತಿರುತ್ತಾರೆ. ಅವರು ಏನು ಕೇಳುತ್ತಾರೆ ಅಂತ ಕೇಳಬೇಕೆಂದು ನನಗೆ ಬಹಳ ದಿನದ ಆಸೆ.

ಕನ್ನಡದಲ್ಲಿ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಅವರ ‘ತಲೆ-ಹರಟೆ’ಯಂಥವು ಇವೆ, ತಿಳಿದವರನ್ನು ಕರೆದು ಕೂರಿಸಿ ಮಾತಾಡಿಸುತ್ತಾರೆ. ಹಗಲಿಗೆ ಅದು ಒಳ್ಳೆಯದು. ನಡುರಾತ್ರಿಗೆ ನನಗೆ ಬೇಕಾದದ್ದು ಮಾತ್ರ ಇನ್ನೊಂದು ಜಾತಿಯದು: ಇಬ್ಬರು ಮೂವರು ಸ್ನೇಹಿತರು, ಅರ್ಧ ನೋಡಿದ ಸಿನಿಮಾ, ಅರ್ಧ ಮಾಡಿದ ಆ್ಯಪ್, ಮನೆಯ ಗ್ಯಾಸ್ ಮುಗಿದ ಕತೆ, ಎಲ್ಲ ಒಂದೇ ಗಂಟಿನಲ್ಲಿ. ವಿಷಯಕ್ಕೆ ಬರುವ ಮುಂಚಿನ ಆ ಹತ್ತು ನಿಮಿಷವೇ ರುಚಿ. ವಿಷಯಕ್ಕೆ ಬಂದಮೇಲೆ ಅವರೂ ಮೇಷ್ಟ್ರಾಗಿಬಿಡುತ್ತಾರೆ.

ಕೋಡ್ ಬರೆಯುವುದು ನನಗೆ ಗೊತ್ತಿಲ್ಲ, ಆದರೂ ಅವರ ಆ್ಯಪ್ ಮಾತು ಬಿಡದೆ ಕೇಳುತ್ತೇನೆ. ಅರ್ಥವಾಗದ್ದನ್ನು ಕೇಳುವುದರಲ್ಲಿ ಒಂದು ನೆಮ್ಮದಿಯಿದೆ, ಯಾರೂ ನಮ್ಮ ಅಭಿಪ್ರಾಯ ಕೇಳುವುದಿಲ್ಲ. ಒಂದು ರಾತ್ರಿ ಇಬ್ಬರು ಒಂದು ಗುಂಡಿಯ ವಿಷಯ ಹಿಡಿದು ಕೂತರು. ಒಂದೇ ಕೈಯಲ್ಲಿ ಫೋನ್ ಹಿಡಿದವನ ಹೆಬ್ಬೆರಳು ತೆರೆಯ ಮೇಲ್ತುದಿಗೆ ಎಟುಕುವುದಿಲ್ಲ, ಆದ್ದರಿಂದ ಮುಖ್ಯವಾದ ಗುಂಡಿ ಕೆಳಗೇ ಇರಬೇಕು ಅಂತ ಒಬ್ಬ. ಕೆಳಗಿಟ್ಟರೆ ತಪ್ಪಿ ಒತ್ತಿಬಿಡುತ್ತಾರೆ ಅಂತ ಇನ್ನೊಬ್ಬ. ನಾವು ಕೂತಿದ್ದ ಬ್ಯಾರನ್ ಭಾವನದು, ಅಂದರೆ ಅಕ್ಕನ ಗಂಡನದು. ಅವರು ಸೌದೆ ಹಾಕುತ್ತಲೇ ಕೇಳಿ ಕೇಳಿ ಕೊನೆಗೆ, “ಅಷ್ಟೊತ್ತಿಂದ ಒಂದು ಗುಂಡಿ ಎಲ್ಲಿಕ್ಕೋದು ಅಂತ ಮಾತಾಡ್ತಾವ್ರಲ್ಲಪ್ಪ, ಇವರಿಗೇನು ಬದುಕು ಬಾಳು ಇಲ್ವಾ?” ಅಂದರು.

ಕೆಲವೇ ದಿನದಲ್ಲಿ ಬೆಳೆ ಸಮೀಕ್ಷೆ ಬಂತು. ರೈತರೇ ಹೊಲದಲ್ಲಿ ನಿಂತು, ಆ್ಯಪ್‌ನಲ್ಲಿ ಸರ್ವೆ ನಂಬರ್ ಆರಿಸಿ, ಬೆಳೆಯ ಫೋಟೋ ತೆಗೆದು ಕಳಿಸುವುದು. ಭಾವ ಆಗಷ್ಟೇ ಸೊಪ್ಪು ಮುರಿದು ಬಂದಿದ್ದರು. ಎಡಗೈಯಲ್ಲಿ ಒಂದು ಹೊರೆ, ಬಲಗೈಯಲ್ಲಿ ಫೋನು. ಸೊಪ್ಪು ಮುರಿದವರ ಬೆರಳಿಗೆ ಕಪ್ಪಗೆ ಅಂಟು ಹತ್ತಿರುತ್ತದೆ, ಸೋಪು ಹಾಕಿ ಉಜ್ಜಿದರೂ ಬೇಗ ಬಿಡುವುದಿಲ್ಲ. ಅಂಥ ಹೆಬ್ಬೆರಳನ್ನು ತೆರೆಯ ಮೇಲೆ ಎಲ್ಲಿಟ್ಟರೂ ಅದು ಅಲ್ಲೇ ಮೆತ್ತಿಕೊಳ್ಳುತ್ತಿತ್ತು. ಕೊನೆಗೆ ಮೂಗಿನ ತುದಿಯಿಂದ ಒತ್ತಿ ಫೋಟೋ ಕಳಿಸಿದರು. “ಆ ಹುಡುಗರ ಮಾತು ಇನ್ನೊಂದ್ಸಲ ಹಾಕಪ್ಪ” ಎಂದು ಅವರಾಗಿ ಕೇಳಿದ್ದು ಅಂದು ರಾತ್ರಿ.

ಸಿನಿಮಾ ಮಾತು ಬಂದರೆ ಮಾತ್ರ ಭಾವ ಕೇಳುಗರಾಗಿ ಉಳಿಯುವುದಿಲ್ಲ, ಫೋನಿಗೇ ಉತ್ತರ ಕೊಡುತ್ತಾರೆ. ‘ಬಭ್ರುವಾಹನ’ದ (1977) ಹೆಸರು ಬಂದು, ನಿರ್ದೇಶಕರ ಹೆಸರು ಬಾರದೆ ಹೋಯಿತೋ, “ಹುಣಸೂರು ಕೃಷ್ಣಮೂರ್ತಿ ಅನ್ರೋ!” ಎಂದು ಕೂಗಿಯೇ ಬಿಡುತ್ತಾರೆ. ಒಂದು ಬಾರಿ ನಾನು ಕಾರಾಪುರದ ಸಾಬು ಕತೆ ತೆಗೆದೆ. ಕೋಟೆ ತಾಲ್ಲೂಕಿನ ಮಾವುತನ ಮಗ. ರಾಬರ್ಟ್ ಫ್ಲಾಹರ್ಟಿಯ ತಂಡ ಆನೆ ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ. 1937ರ ‘ಎಲಿಫೆಂಟ್ ಬಾಯ್’ನಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹಾರಾಡಿದ, 1963ರಲ್ಲಿ, ನಲವತ್ತು ತುಂಬುವ ಮೊದಲೇ ಸತ್ತ. ನಾನು ಸಾಕಷ್ಟು ರಂಗಾಗಿಯೇ ಹೇಳಿದೆ. ಭಾವ ಒಲೆಯ ಕಡೆ ನೋಡುತ್ತ, “ಅದ್ಸರಿ, ಆನೆ ಏನಾಯ್ತು?” ಅಂದರು.

ಪಾಡ್‌ಕಾಸ್ಟ್ ಮಾಡುವವರಿಗೆ ಇಂಥ ಪ್ರಶ್ನೆ ಕೇಳುವವರು ಎದುರಿಗಿರಬೇಕಿತ್ತು. ಅದನ್ನೇ ಅಕ್ಕನ ಮಗನಿಗೆ ಹೇಳಿದಾಗ, “ಹಾಗಾದ್ರೆ ನೀವೇ ಒಂದು ಮಾಡಿ ಮಾವ, ಅಪ್ಪನ್ನ ಕೂರಿಸ್ಕೊಂಡು” ಅಂದ. ಅವನು ಪಾಡ್‌ಕಾಸ್ಟನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವವನು; ಎಲ್ಲವೂ ಕೂಡಲೇ ಆಗಬೇಕು. ಫೋನನ್ನು ಸೌದೆ ರಾಶಿಯ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆವು. ಭಾವ ಅಂಗಿಯ ಗುಂಡಿ ಹಾಕಿಕೊಂಡರು, ಗಂಟಲು ಸರಿಮಾಡಿಕೊಂಡರು, “ಮಾನ್ಯ ಕೇಳುಗರೇ” ಎಂದು ಶುರುಮಾಡಿ ತಂಬಾಕು ಬೆಳೆಗಾರರ ಸಮಸ್ಯೆಗಳನ್ನು ಗ್ರಾಮಸಭೆಯಲ್ಲಿ ಮಂಡಿಸಿದಂತೆ ಮಂಡಿಸಿದರು. ನಿಲ್ಲಿಸಿದ ಮೇಲೆ, “ಬಂದ್ ಮಾಡಿದ್ಯೇನಪ್ಪ?” ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಪಕ್ಕದ ಬ್ಯಾರನ್ನಿನವರ ಕತೆ ತೆಗೆದರು ನೋಡಿ, ಬೆಳಗಿನ ಜಾವದವರೆಗೂ ನಕ್ಕಿದ್ದೇ ನಕ್ಕಿದ್ದು. ಅದನ್ನು ಇಲ್ಲಿ ಬರೆಯುವಂತಿಲ್ಲ, ಪಕ್ಕದ ಬ್ಯಾರನ್ನಿನವರೂ ಈ ಪತ್ರಿಕೆ ತರಿಸುತ್ತಾರೆ.